ಹಲವು ನಾಡಿನ ಕೈಗಳು, ಒಂದೇ ಸೂರಿನ ದುಡಿಮೆ

ಮನುಷ್ಯನು ಉದರನಿರ್ವಾಹಕ್ಕಾಗಿ ಊರು ಬಿಟ್ಟು ಹೋಗುವುದು ಹೊಸ ಸಂಗತಿಯೇನಲ್ಲ. ಆದರೆ ತನ್ನ ಊರಿನಲ್ಲಿಯೇ ಇದ್ದುಕೊಂಡು ಪರದೇಶದವರ ಕೈಕೆಳಗೆ ದುಡಿಯುವುದು ಈಚಿನ ದಶಕಗಳ ಬೆಳವಣಿಗೆ. ಇಂದು ನಮ್ಮ ಅನೇಕ ಮನೆಗಳಲ್ಲಿ ಮಗನೋ ಮಗಳೋ, ಸೊಸೆಯೋ ಅಳಿಯನೋ ಬೆಂಗಳೂರಿನ ಕಚೇರಿಯೊಂದರಲ್ಲಿ ಕುಳಿತು ಜರ್ಮನಿಯ ಅಧಿಕಾರಿಗೆ ಲೆಕ್ಕ ಒಪ್ಪಿಸುತ್ತಾರೆ. ಜಪಾನಿನವರು ಕಟ್ಟಿದ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುತ್ತಾರೆ. ಅಮೆರಿಕೆಯ ಹಗಲಿಗೆ ಹೊಂದಿಸಿಕೊಂಡು ತಮ್ಮ ರಾತ್ರಿಯನ್ನು ಕಳೆಯುತ್ತಾರೆ. ಸಂಬಳ ಬರುತ್ತದೆ, ಮನೆ ಏಳುತ್ತದೆ, ತಂಗಿಯ ಮದುವೆಯೂ ಆಗುತ್ತದೆ. ಆದರೂ ಹಬ್ಬಕ್ಕೆ ಮನೆಗೆ ಬಂದವರ ಮುಖದಲ್ಲಿ ಒಮ್ಮೊಮ್ಮೆ ಹೇಳಿಕೊಳ್ಳಲಾಗದ ಬೇಗುದಿ ಕಾಣುತ್ತದೆ. “ಅವರು ನಮ್ಮ ಮಾತನ್ನು ಅರ್ಥ ಮಾಡಿಕೊಳ್ಳುವುದಿಲ್ಲ” ಎಂಬುದು ಇಲ್ಲಿಯವರ ದೂರು. “ಇವರು ಮನಸ್ಸಿನಲ್ಲಿರುವುದನ್ನು ಬಿಚ್ಚಿ ಹೇಳುವುದಿಲ್ಲ” ಎಂಬುದು ಅಲ್ಲಿಯವರ ದೂರು. ಈ ಎರಡು ದೂರುಗಳ ನಡುವೆ ಇರುವುದೇನು ಎಂಬುದನ್ನು ಕೆಲವು ನಿದರ್ಶನಗಳ ಮೂಲಕ ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ.

ಸಂಸ್ಕೃತಿಯನ್ನು ಅಳೆಯುವ ಯತ್ನ

ಸಂಸ್ಕೃತಿ ಎಂದೊಡನೆ ನಮಗೆ ಸಂಗೀತ, ಶಿಲ್ಪ, ಹಬ್ಬಹರಿದಿನಗಳು ನೆನಪಾಗುತ್ತವೆ. ಆದರೆ ದುಡಿಮೆಯ ಸ್ಥಳದಲ್ಲಿ ಸಂಸ್ಕೃತಿ ಎಂದರೆ ಅತಿ ಸಾಮಾನ್ಯವಾದ ನಡವಳಿಕೆ. ಹಿರಿಯರು ತಪ್ಪು ಹೇಳಿದಾಗ ತಿದ್ದಬಹುದೇ? ಕೆಟ್ಟ ಸುದ್ದಿಯನ್ನು ಯಾರು, ಯಾವಾಗ ತಿಳಿಸಬೇಕು? ಕೊಟ್ಟ ಮಾತನ್ನು ಕಾಗದದಲ್ಲಿ ಬರೆಯಬೇಕೇ? ಇಂತಹ ಪ್ರಶ್ನೆಗಳಿಗೆ ನಾವು ಯೋಚಿಸದೆಯೇ ಕೊಡುವ ಉತ್ತರವೇ ನಮ್ಮ ಸಂಸ್ಕೃತಿ. ಅದು ತಾಯಿಯ ಮಡಿಲಿನಲ್ಲಿ ಕಲಿತದ್ದಾದ್ದರಿಂದ ಕಣ್ಣಿಗೆ ಕಾಣುವುದಿಲ್ಲ.

ಇದನ್ನು ಅಂಕಿಗಳಲ್ಲಿ ಹಿಡಿಯಲು ಯತ್ನಿಸಿದವರಲ್ಲಿ ಡಚ್ ವಿದ್ವಾಂಸ ಗೀರ್ಟ್ ಹಾಫ್‌ಸ್ಟೆಡ್ ಪ್ರಮುಖರು. 1967ರಿಂದ 1973ರ ಅವಧಿಯಲ್ಲಿ ಐಬಿಎಂ ಸಂಸ್ಥೆಯ ನೌಕರರಿಂದ ಸಂಗ್ರಹಿಸಿದ ಒಂದು ಲಕ್ಷಕ್ಕೂ ಹೆಚ್ಚು ಉತ್ತರ ಪತ್ರಿಕೆಗಳನ್ನು ಪರಿಶೀಲಿಸಿ, 1980ರಲ್ಲಿ ಅವರು ತಮ್ಮ ಗ್ರಂಥವನ್ನು ಪ್ರಕಟಿಸಿದರು. ಮೇಲಿನವರಿಗೂ ಕೆಳಗಿನವರಿಗೂ ನಡುವಿನ ಅಂತರವನ್ನು ಜನರು ಎಷ್ಟರಮಟ್ಟಿಗೆ ಸಹಜವೆಂದು ಒಪ್ಪಿಕೊಳ್ಳುತ್ತಾರೆ ಎಂಬುದು ಅವರ ಅಳತೆಗೋಲುಗಳಲ್ಲೊಂದು. ಆ ಅಳತೆಯಲ್ಲಿ ಭಾರತಕ್ಕೆ 77, ಜಪಾನಿಗೆ 54, ಅಮೆರಿಕೆಗೆ 40 ಅಂಕಗಳು ಬಂದವು. ವ್ಯಕ್ತಿಯು ತನ್ನ ಬಳಗಕ್ಕಿಂತ ತನ್ನನ್ನೇ ಮುಂದಿಟ್ಟು ಯೋಚಿಸುವ ಪ್ರವೃತ್ತಿಯಲ್ಲಾದರೋ ಅಮೆರಿಕೆಗೆ 91, ಭಾರತಕ್ಕೆ 48, ಜಪಾನಿಗೆ 46.

ಈ ಅಂಕಿಗಳನ್ನು ಜಾತಕದಂತೆ ನಂಬುವುದು ತರವಲ್ಲ. ಒಂದೇ ಸಂಸ್ಥೆಯ ನೌಕರರನ್ನು ಕೇಳಿ ಇಡೀ ರಾಷ್ಟ್ರದ ಗುಣವನ್ನು ನಿರ್ಣಯಿಸುವುದು ಹೇಗೆ ಎಂದು ಬ್ರೆಂಡನ್ ಮ್ಯಾಕ್‌ಸ್ವೀನಿ ಎಂಬ ವಿದ್ವಾಂಸರು 2002ರಲ್ಲಿ ಎತ್ತಿದ ಆಕ್ಷೇಪ ವಿಚಾರಾರ್ಹವಾದುದು. ನಮ್ಮ ರಾಜ್ಯದಲ್ಲಿಯೇ ಬೆಳಗಾವಿಯ ನೇರ ನುಡಿಗೂ ಮೈಸೂರಿನ ಮೆಲುನುಡಿಗೂ ಅಂತರವಿರುವಾಗ, ಇಡೀ ಭಾರತಕ್ಕೆ ಒಂದೇ ಅಂಕ ಹಾಕುವುದು ಹೇಗೆ? ಹಾಗಿದ್ದರೂ ತನಗೆ ಸಹಜವೆನಿಸಿದ್ದು ಎದುರಿನವನಿಗೆ ಸಹಜವಲ್ಲದಿರಬಹುದು ಎಂಬ ಎಚ್ಚರವನ್ನು ಈ ಅಧ್ಯಯನವು ಮೂಡಿಸಿತು. ಆ ಮಟ್ಟಿಗೆ ಅದರ ಉಪಕಾರ ದೊಡ್ಡದು.

‘ನೋಡೋಣ’ ಎಂಬ ಮಾತಿನ ಅರ್ಥ

ಅಮೆರಿಕೆಯ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ ಇನ್ನೊಂದು ಸೂಕ್ಷ್ಮವನ್ನು ಗುರುತಿಸಿದರು. ಕೆಲವು ಸಮಾಜಗಳಲ್ಲಿ ಅರ್ಥವೆಲ್ಲ ಆಡಿದ ಮಾತಿನಲ್ಲಿಯೇ ಇರುತ್ತದೆ. ಮತ್ತೆ ಕೆಲವು ಸಮಾಜಗಳಲ್ಲಿ ಅರ್ಥದ ಹೆಚ್ಚಿನ ಪಾಲು ಸಂದರ್ಭದಲ್ಲಿ, ಸಂಬಂಧದಲ್ಲಿ, ಕೆಲವೊಮ್ಮೆ ಮೌನದಲ್ಲಿ ಅಡಗಿರುತ್ತದೆ. ಕನ್ನಡಿಗರಿಗೆ ಇದನ್ನು ವಿವರಿಸಲು ದೂರ ಹೋಗಬೇಕಾಗಿಲ್ಲ. ನಮ್ಮ ‘ನೋಡೋಣ’ ಎಂಬ ಒಂದು ಮಾತೇ ಸಾಕು. ಮಗಳಿಗೆ ಗಂಡು ಕೇಳಲು ಬಂದವರಿಗೆ ಮನೆಯ ಯಜಮಾನರು “ಆಗಲಿ, ನೋಡೋಣ” ಎಂದರೆ ಬಂದವರು ಅರ್ಥ ಮಾಡಿಕೊಂಡು ಎದ್ದು ಹೊರಡುತ್ತಾರೆ. ಅಲ್ಲಿ ಯಾರಿಗೂ ನೋವಾಗದಂತೆ ‘ಇಲ್ಲ’ ಎಂದು ಹೇಳಿಯಾಯಿತು.

ಇದೇ ಮಾತು ಕಚೇರಿಗೆ ಬಂದಾಗ ಏನಾಗುತ್ತದೆ? ಕೆಲಸವು ಶುಕ್ರವಾರಕ್ಕೆ ಮುಗಿಯುವುದೇ ಎಂದು ಪರದೇಶದ ಅಧಿಕಾರಿ ಕೇಳುತ್ತಾನೆ. ಮುಗಿಯದೆಂದು ತರುಣನಿಗೆ ಗೊತ್ತು. ಆದರೆ ಹಿರಿಯರೆದುರು ‘ಆಗದು’ ಎನ್ನಲು ನಾಲಗೆ ಏಳುವುದಿಲ್ಲ. “ಪ್ರಯತ್ನ ಮಾಡುತ್ತೇವೆ ಸಾರ್” ಎನ್ನುತ್ತಾನೆ. ಕೇಳಿದವನು ಅದನ್ನು ಒಪ್ಪಿಗೆಯೆಂದು ಬರೆದುಕೊಳ್ಳುತ್ತಾನೆ. ಶುಕ್ರವಾರ ಬಂದಾಗ ಅವನ ಪಾಲಿಗೆ ಈ ತರುಣನು ಸುಳ್ಳುಗಾರ. ತರುಣನ ಪಾಲಿಗೆ ಅವನು ಸೂಕ್ಷ್ಮವರಿಯದ ಒರಟ. ವಾಸ್ತವದಲ್ಲಿ ಇಬ್ಬರೂ ತಮ್ಮ ತಮ್ಮ ಮನೆಯಲ್ಲಿ ಕಲಿತ ಸಭ್ಯತೆಯನ್ನೇ ಪಾಲಿಸಿದ್ದಾರೆ. ಮೌನವು ಸಮ್ಮತಿಯ ಲಕ್ಷಣವೆಂಬ ಹಳೆಯ ಮಾತು ಇಂತಹ ಕಡೆ ಪೂರ್ಣವಾಗಿ ತಿರುಗುಮುರುಗಾಗುತ್ತದೆ.

ಹಾಗಾದರೆ ಈ ಬಿರುಕನ್ನು ತುಂಬುವ ಬಗೆ ಹೇಗೆ? ಒಬ್ಬರು ಮತ್ತೊಬ್ಬರ ಸಂಸ್ಕೃತಿಯ ಮೇಲೆ ಉಪನ್ಯಾಸ ಕೇಳಿದರೆ ಸಾಕೇ? ಸಾಲದೆಂಬುದನ್ನು ಕ್ಯಾಲಿಫೋರ್ನಿಯಾದ ಒಂದು ಕಾರ್ಖಾನೆಯ ಇತಿಹಾಸವು ಸ್ಪಷ್ಟವಾಗಿ ತೋರಿಸಿಕೊಡುತ್ತದೆ.

ಫ್ರೀಮಾಂಟ್ ಕಾರ್ಖಾನೆಯ ಎರಡು ಜನ್ಮಗಳು

ಸ್ಯಾನ್‌ಫ್ರಾನ್ಸಿಸ್ಕೋ ನಗರಕ್ಕೆ ಅನತಿದೂರದಲ್ಲಿರುವ ಫ್ರೀಮಾಂಟ್‌ನಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯ ಕಾರು ಕಾರ್ಖಾನೆಯೊಂದಿತ್ತು. ಆ ಸಂಸ್ಥೆಯ ಅತ್ಯಂತ ಕೆಟ್ಟ ಘಟಕಗಳಲ್ಲಿ ಒಂದೆಂದು ಅದು ಹೆಸರಾಗಿತ್ತು. ಯಾವುದೇ ದಿನ ಐವರಲ್ಲಿ ಒಬ್ಬ ಕಾರ್ಮಿಕ ಗೈರುಹಾಜರು. ದುಡಿಮೆಯ ವೇಳೆಯಲ್ಲಿಯೇ ಮದ್ಯಪಾನ. ಆಡಳಿತ ವರ್ಗಕ್ಕೂ ಕಾರ್ಮಿಕ ಸಂಘಕ್ಕೂ ಹಾವು ಮುಂಗುಸಿಯ ಸಂಬಂಧ. ಎಂತಹ ದೋಷ ಕಂಡರೂ ಜೋಡಣೆಯ ಸಾಲು ನಿಲ್ಲಕೂಡದು ಎಂಬುದು ಅಲ್ಲಿಯ ಅಲಿಖಿತ ಶಾಸನ. ಕೆಟ್ಟ ಕಾರು ಹಾಗೆಯೇ ಮುಂದಕ್ಕೆ ಹೋಗಿ, ಕೊನೆಯಲ್ಲಿ ದುರಸ್ತಿಗೆ ನಿಲ್ಲುತ್ತಿತ್ತು. 1982ರಲ್ಲಿ ಕಾರ್ಖಾನೆಗೆ ಬೀಗ ಬಿದ್ದು ಸಾವಿರಾರು ಸಂಸಾರಗಳು ಬೀದಿಗೆ ಬಂದವು.

ಅದೇ ಕಟ್ಟಡದಲ್ಲಿ 1984ರಲ್ಲಿ ಜಪಾನಿನ ಟೊಯೊಟಾ ಮತ್ತು ಜನರಲ್ ಮೋಟಾರ್ಸ್ ಸಂಸ್ಥೆಗಳು ಜೊತೆಗೂಡಿ ‘ನಮ್ಮಿ’ ಎಂಬ ಸಂಕ್ಷಿಪ್ತ ನಾಮದ ಹೊಸ ಕಂಪನಿಯನ್ನು ಆರಂಭಿಸಿದವು. ಸಣ್ಣ ಕಾರನ್ನು ಲಾಭದಾಯಕವಾಗಿ ತಯಾರಿಸುವುದನ್ನು ಕಲಿಯುವುದು ಜನರಲ್ ಮೋಟಾರ್ಸ್‌ನ ಉದ್ದೇಶ. ಅಮೆರಿಕೆಯ ಕಾರ್ಮಿಕರೊಡನೆ ತನ್ನ ಪದ್ಧತಿ ನಡೆಯುವುದೇ ಎಂದು ಪರೀಕ್ಷಿಸುವುದು ಟೊಯೊಟಾದ ಉದ್ದೇಶ. ಗಮನಾರ್ಹವಾದ ಸಂಗತಿಯೆಂದರೆ, ಆರಂಭದ ಕಾರ್ಮಿಕರಲ್ಲಿ ಹೆಚ್ಚಿನವರು ಕೆಟ್ಟವರೆಂದು ಹೆಸರು ಹೊತ್ತಿದ್ದ ಆ ಹಳೆಯ ಜನರೇ. ಕಾರ್ಮಿಕ ಸಂಘವೂ ಹಳೆಯದೇ ಆದ ಯುನೈಟೆಡ್ ಆಟೋ ವರ್ಕರ್ಸ್.

ತಂಡಗಳ ಮುಂದಾಳುಗಳಾಗಬೇಕಾದ ನೂರಾರು ಮಂದಿಯನ್ನು ಜಪಾನಿನ ತಕಾಓಕಾ ಕಾರ್ಖಾನೆಗೆ ತರಬೇತಿಗೆ ಕಳುಹಿಸಲಾಯಿತು. ಅಲ್ಲಿ ಅವರು ಕಂಡದ್ದು ಒಂದು ಹಗ್ಗ. ಕೆಲಸದಲ್ಲಿ ತೊಡಕುಂಟಾದ ಯಾವ ಕಾರ್ಮಿಕನಾದರೂ ಅದನ್ನು ಎಳೆಯಬಹುದಿತ್ತು. ಎಳೆದೊಡನೆ ದೀಪ ಹೊತ್ತಿ ಮುಂದಾಳು ಓಡಿ ಬರುತ್ತಿದ್ದ, ಬೈಯುವುದಕ್ಕಲ್ಲ, ನೆರವಾಗುವುದಕ್ಕೆ. ನಿಗದಿತ ಅವಧಿಯಲ್ಲಿ ತೊಡಕು ಬಗೆಹರಿಯದಿದ್ದರೆ ಇಡೀ ಸಾಲೇ ನಿಲ್ಲುತ್ತಿತ್ತು. ಸಾಲು ನಿಲ್ಲಿಸುವುದು ಮಹಾಪರಾಧವೆಂದು ಕಲಿತು ಬೆಳೆದ ಅಮೆರಿಕದ ಕಾರ್ಮಿಕರಿಗೆ ಇದು ದೊಡ್ಡ ವಿಸ್ಮಯ. ಅತಿ ಕೆಳಗಿನ ಕೆಲಸಗಾರನ ಕೈಗೆ ಇಡೀ ಕಾರ್ಖಾನೆಯನ್ನು ನಿಲ್ಲಿಸುವ ಅಧಿಕಾರವನ್ನು ಕೊಡುವುದೆಂದರೆ ಅವನನ್ನು ನಂಬಿದಂತೆ ಅಲ್ಲವೇ!

ಫ್ರೀಮಾಂಟ್‌ನಲ್ಲಿಯೂ ಇದೇ ಪದ್ಧತಿ ಜಾರಿಗೆ ಬಂದಿತು. ಅಧಿಕಾರಿಗಳಿಗೆ ಮೀಸಲಾದ ವಾಹನ ನಿಲುಗಡೆ, ಪ್ರತ್ಯೇಕ ಊಟದ ಕೋಣೆ ಇವೆಲ್ಲ ರದ್ದಾದವು. ಹತ್ತಾರು ಬಗೆಯಾಗಿ ವಿಂಗಡಣೆಯಾಗಿದ್ದ ಹುದ್ದೆಗಳು ಬೆರಳೆಣಿಕೆಗೆ ಇಳಿದವು. ಗೈರುಹಾಜರಿಯ ಪ್ರಮಾಣವು ಶೇಕಡಾ 20ರಿಂದ ಸುಮಾರು 2ಕ್ಕೆ ಇಳಿಯಿತು. ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯ ಸಂಶೋಧಕರು ಹೋಲಿಸಿ ನೋಡಿದಾಗ, ಒಂದು ಕಾರನ್ನು ಜೋಡಿಸಲು ಜನರಲ್ ಮೋಟಾರ್ಸ್‌ನ ಫ್ರೇಮಿಂಗ್‌ಹ್ಯಾಮ್ ಘಟಕಕ್ಕೆ 31 ಗಂಟೆ, ತಕಾಓಕಾಕ್ಕೆ 16 ಗಂಟೆ, ನಮ್ಮಿಗೆ 19 ಗಂಟೆ ಬೇಕಾಗಿತ್ತು. ಜನ ಅವರೇ, ಕಟ್ಟಡ ಅದೇ. ಬದಲಾದದ್ದು ಅವರನ್ನು ನಡೆಸಿಕೊಂಡ ರೀತಿ.

ಆ ತರಬೇತಿಯ ಕೆಲಸದಲ್ಲಿ ತೊಡಗಿದ್ದ ಜಾನ್ ಶೂಕ್ ಎಂಬ ಅಮೆರಿಕದವರು 2010ರಲ್ಲಿ ಬರೆದ ಲೇಖನದಲ್ಲಿ ಇದರ ಮರ್ಮವನ್ನು ವಿವರಿಸಿದ್ದಾರೆ. ಮೊದಲು ಜನರ ಮನಸ್ಸನ್ನು ಬದಲಿಸಿ ಅನಂತರ ನಡತೆಯನ್ನು ತಿದ್ದುವುದಲ್ಲ. ಮೊದಲು ಕೆಲಸದ ರೀತಿಯನ್ನು ಬದಲಿಸಿದರೆ ಮನಸ್ಸು ಅದನ್ನು ಹಿಂಬಾಲಿಸುತ್ತದೆ ಎಂಬುದು ಅವರ ಅನುಭವ. ಉಪದೇಶಕ್ಕಿಂತ ಆಚರಣೆ ದೊಡ್ಡದೆಂಬುದನ್ನು ನಮ್ಮ ಹಿರಿಯರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಕಲಿಸಬಂದವರೂ ಕಲಿತರು

ಈ ವೃತ್ತಾಂತವನ್ನು ಹೇಳುವಾಗ ಅನೇಕರು ಒಂದು ಪಾರ್ಶ್ವವನ್ನು ಮರೆಯುತ್ತಾರೆ. ಜಪಾನಿನವರೂ ಅಲ್ಲಿ ಬಾಗಿದರು. ಜಪಾನಿನ ದೊಡ್ಡ ಸಂಸ್ಥೆಗಳಲ್ಲಿ ಕಾಯಂ ನೌಕರನನ್ನು ಕೆಲಸದಿಂದ ತೆಗೆಯಬಾರದೆಂಬುದು ಬಹುಕಾಲ ನಡೆದುಬಂದ ರೂಢಿ. ಅದನ್ನು ಬರೆದಿಡಬೇಕಾದ ಅಗತ್ಯ ಅಲ್ಲಿರಲಿಲ್ಲ. ಆದರೆ ಒಮ್ಮೆ ಬೀದಿಗೆ ಬಿದ್ದ ಅಮೆರಿಕದ ಕಾರ್ಮಿಕನಿಗೆ ಬಾಯಿಮಾತಿನ ಭರವಸೆ ಸಾಲದು. ಆದಕಾರಣ ಸಂಘದೊಡನೆ ಆದ ಒಪ್ಪಂದದಲ್ಲಿಯೇ ಅದನ್ನು ಲಿಖಿತವಾಗಿ ಸೇರಿಸಲಾಯಿತು. ಕಂಪನಿಯ ಉಳಿವಿಗೇ ಧಕ್ಕೆ ಬರುವಂತಹ ಕಷ್ಟ ಒದಗಿದ ಹೊರತು ಯಾರನ್ನೂ ತೆಗೆಯತಕ್ಕದ್ದಲ್ಲ. ಅಂತಹ ಸಂದರ್ಭದಲ್ಲಿಯೂ ಮೊದಲು ಅಧಿಕಾರಿಗಳ ಸಂಬಳ ಕಡಿತದಂತಹ ಕ್ರಮಗಳನ್ನು ಕೈಗೊಳ್ಳತಕ್ಕದ್ದು. 1988ರ ಸುಮಾರಿಗೆ ಕಾರುಗಳ ಮಾರಾಟ ಕುಸಿದು ಉತ್ಪಾದನೆ ಇಳಿಯಿತು. ಆಗ ಯಾರನ್ನೂ ಮನೆಗೆ ಕಳುಹಿಸಲಿಲ್ಲ. ಹೆಚ್ಚುವರಿ ಕಾರ್ಮಿಕರನ್ನು ತರಬೇತಿಗೂ ಕಾರ್ಖಾನೆಯ ಸುಧಾರಣೆಯ ಕೆಲಸಗಳಿಗೂ ಹಚ್ಚಲಾಯಿತು. ಬರೆದ ಮಾತು ನಡೆದ ಮಾತಾಯಿತು. ಹಗ್ಗಕ್ಕೆ ಬಲ ಬಂದದ್ದು ಇದರಿಂದಲೇ. ಕೆಲಸ ಹೋಗುವ ಭಯವಿದ್ದವನು ಹಗ್ಗವನ್ನು ಎಳೆಯುವುದೆಂತು?

ನಮ್ಮಿಯನ್ನು ಸ್ವರ್ಗವೆಂದು ಬಣ್ಣಿಸುವುದೂ ಸರಿಯಲ್ಲ. ಒಂದು ನಿಮಿಷದ ಬಿಡುವೂ ಸಿಗದಂತೆ ಕೆಲಸವನ್ನು ಬಿಗಿಗೊಳಿಸುವ ಈ ಪದ್ಧತಿಯನ್ನು ಮೈಕ್ ಪಾರ್ಕರ್ ಮತ್ತು ಜೇನ್ ಸ್ಲಾಟರ್ ಎಂಬ ಲೇಖಕರು 1988ರಲ್ಲಿ ‘ಒತ್ತಡದ ಆಡಳಿತ’ವೆಂದು ಕರೆದು ಟೀಕಿಸಿದರು. ಅದೇ ಪದ್ಧತಿಯನ್ನು ಕ್ಯಾಲಿಫೋರ್ನಿಯಾದ ಇನ್ನೊಂದು ಘಟಕವಾದ ವ್ಯಾನ್ ನೈಸ್‌ನಲ್ಲಿ ನೆಡಲು ಜನರಲ್ ಮೋಟಾರ್ಸ್ ಯತ್ನಿಸಿದಾಗ, ಕಾರ್ಮಿಕರಲ್ಲಿಯೇ ಎರಡು ಪಕ್ಷಗಳಾದವು; ಆ ಘಟಕ 1992ರಲ್ಲಿ ಮುಚ್ಚಿತು. ಹೊರಗಿನ ಆಚಾರವನ್ನು ತರುವುದು ಸುಲಭ. ಅದರ ಒಳಗಿನ ವಿಶ್ವಾಸವನ್ನು ತರುವುದು ಕಷ್ಟ. ಜನರಲ್ ಮೋಟಾರ್ಸ್ 2009ರಲ್ಲಿ ದಿವಾಳಿಯಾಗಿ ಪಾಲುದಾರಿಕೆಯಿಂದ ಹೊರಬಂದಿತು. 2010ರ ಏಪ್ರಿಲ್ 1ರಂದು ನಮ್ಮಿಯ ಸಾಲು ಕೊನೆಯ ಬಾರಿಗೆ ನಿಂತಿತು. ಅದೇ ವರ್ಷ ಆ ಕಟ್ಟಡವು ಟೆಸ್ಲಾ ಸಂಸ್ಥೆಯ ಪಾಲಾಯಿತು.

ಸಮಾನರ ಕೂಟವೆಂಬ ಮಾತು

ಇದಕ್ಕೆ ತದ್ವಿರುದ್ಧವಾದ ನಿದರ್ಶನವೊಂದುಂಟು. 1998ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಮತ್ತು ಅಮೆರಿಕೆಯ ಕ್ರೈಸ್ಲರ್ ಸಂಸ್ಥೆಗಳು ಒಂದಾದವು. ಅದು ಸಮಾನರ ಕೂಟವೆಂದು ಜಗತ್ತಿಗೆ ಸಾರಲಾಯಿತು. ಒಳಗಿನ ಸ್ಥಿತಿ ಬೇರೆಯಾಗಿತ್ತು. ಕ್ರೈಸ್ಲರ್‌ನ ಮುಖ್ಯಸ್ಥರ ಸಂಬಳವು ಜರ್ಮನಿಯ ಮುಖ್ಯಸ್ಥರದಕ್ಕಿಂತ ಬಹುಪಾಲು ಹೆಚ್ಚು. ಒಂದು ಕಡೆ ಕ್ರಮಬದ್ಧ ವರದಿ, ಶ್ರೇಣಿಗಳ ಶಿಸ್ತು. ಇನ್ನೊಂದು ಕಡೆ ಸಲಿಗೆ, ಶೀಘ್ರ ನಿರ್ಧಾರ. ಎರಡು ವರ್ಷ ಕಳೆಯುವಷ್ಟರಲ್ಲಿ, ಸಮಾನರೆಂಬ ಮಾತನ್ನು ಮನೋವೈಜ್ಞಾನಿಕ ಕಾರಣಕ್ಕಾಗಿ ಬಳಸಬೇಕಾಯಿತೆಂಬ ಅರ್ಥ ಬರುವಂತೆ ಜರ್ಮನಿಯ ಮುಖ್ಯಸ್ಥ ಯೂರ್ಗನ್ ಶ್ರೆಂಪ್ ಪತ್ರಿಕೆಯೊಂದಕ್ಕೆ ಹೇಳಿದರು. ಕ್ರೈಸ್ಲರ್‌ನವರ ಮನಸ್ಸು ಮುರಿಯಲು ಬೇರೆ ಕಾರಣ ಬೇಕಿರಲಿಲ್ಲ. 2007ರಲ್ಲಿ ಆ ಸಂಬಂಧ ಕಡಿದುಬಿದ್ದಿತು. ಭಿನ್ನತೆಯಿಂದ ಮಾತ್ರವೇ ಅದು ಕೆಟ್ಟಿತೆನ್ನಲಾಗದು; ವ್ಯಾಪಾರದ ನಷ್ಟವೂ ಅಲ್ಲಿತ್ತು. ಆದರೆ ಆಡಿದ್ದೊಂದು ನಡೆದದ್ದೊಂದು ಆದಾಗ ಎಲ್ಲ ದೇಶದ ಮನುಷ್ಯನೂ ಒಂದೇ ಬಗೆಯಾಗಿ ನೋಯುತ್ತಾನೆ.

ನಮ್ಮ ನೆಲದಲ್ಲಿ

ಭಾರತದಲ್ಲಿ ಈ ಪ್ರಯೋಗದ ಹಿರಿಯ ಉದಾಹರಣೆ ಮಾರುತಿ. 1982ರಲ್ಲಿ ಜಪಾನಿನ ಸುಜುಕಿಯೊಡನೆ ಒಪ್ಪಂದವಾಗಿ, 1983ರ ಡಿಸೆಂಬರ್‌ನಲ್ಲಿ ಗುರುಗಾಂವ್‌ನಿಂದ ಮೊದಲ ಕಾರು ಹೊರಬಂದಿತು. ಅಧಿಕಾರಿಯಿಂದ ಕಾರ್ಮಿಕನವರೆಗೆ ಎಲ್ಲರಿಗೂ ಒಂದೇ ಸಮವಸ್ತ್ರ, ಒಂದೇ ಊಟದ ಮನೆ, ಒಂದೇ ಸರತಿಯ ಸಾಲು. ತೋರಿಕೆಯ ದೊಡ್ಡಸ್ತಿಕೆಗೆ ಒಗ್ಗಿಹೋಗಿದ್ದ ನಮ್ಮ ಸರಕಾರಿ ಉದ್ದಿಮೆಗಳ ನಡುವೆ ಇದೊಂದು ಹೊಸ ಗಾಳಿಯೇ ಆಗಿತ್ತು. ಕೂಡಿ ಉಣ್ಣುವುದರಲ್ಲಿ ಎಂತಹ ಶಕ್ತಿಯಿದೆ ಎಂಬುದನ್ನು ಈ ಪತ್ರಿಕೆಯ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಅದೇ ಸಂಸ್ಥೆಯ ಮಾನೇಸರ್ ಘಟಕದಲ್ಲಿ 2011ರಲ್ಲಿ ಮುಷ್ಕರಗಳ ಮೇಲೆ ಮುಷ್ಕರಗಳಾದವು. ತಮ್ಮದೇ ಸಂಘ ಬೇಕು ಎಂಬುದು ಕಾರ್ಮಿಕರ ಮುಖ್ಯ ಬೇಡಿಕೆ. ಕಾಯಂ ನೌಕರನ ಪಕ್ಕದಲ್ಲಿಯೇ ನಿಂತು ಅದೇ ಕೆಲಸ ಮಾಡುವ ಗುತ್ತಿಗೆ ನೌಕರನಿಗೆ ಬಹಳ ಕಡಿಮೆ ಕೂಲಿ ದೊರೆಯುವುದು ಇನ್ನೊಂದು ಅಸಮಾಧಾನ. 2012ರ ಜುಲೈ 18ರಂದು ಅಲ್ಲಿ ನಡೆದ ಹಿಂಸೆಯಲ್ಲಿ ಸಿಬ್ಬಂದಿ ವಿಭಾಗದ ಹಿರಿಯ ಅಧಿಕಾರಿಯೊಬ್ಬರು ಪ್ರಾಣ ಕಳೆದುಕೊಂಡರು. 2017ರಲ್ಲಿ ನ್ಯಾಯಾಲಯವು 31 ಮಂದಿಯನ್ನು ಅಪರಾಧಿಗಳೆಂದು ಘೋಷಿಸಿ, ಅವರಲ್ಲಿ 13 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. 117 ಮಂದಿ ಬಿಡುಗಡೆಯಾದರು. ಹಿಂಸೆಗೆ ಯಾವ ಸಮರ್ಥನೆಯೂ ಇಲ್ಲ. ಆದರೆ ಒಂದೇ ಅಂಗಿ ತೊಡಿಸಿ, ಒಂದೇ ತಟ್ಟೆಯಲ್ಲಿ ಬಡಿಸಿ, ಕೂಲಿಯಲ್ಲಿ ಮಾತ್ರ ಭೇದ ಮಾಡಿದರೆ ಆ ಅಂಗಿಯೇ ಮೈ ಸುಡುತ್ತದೆ ಎಂಬುದನ್ನು ಗ್ರಹಿಸದಿದ್ದರೆ ಈ ದುರಂತದಿಂದ ನಾವು ಕಲಿತದ್ದೇನು?

ನಮ್ಮ ಬಿಡದಿಯ ಸಂಗತಿಯನ್ನೂ ಇಲ್ಲಿ ಸ್ಮರಿಸಬೇಕು. 1997ರಲ್ಲಿ ಸ್ಥಾಪನೆಯಾದ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಸಂಸ್ಥೆಯು 2006, 2014 ಮತ್ತು 2020ರಲ್ಲಿ ಮೂರು ಬಾರಿ ಬೀಗಮುದ್ರೆಯನ್ನು ಕಂಡಿತು. 2020ರ ನವೆಂಬರ್‌ನಲ್ಲಿ ಆರಂಭವಾದ ಬಿಕ್ಕಟ್ಟು ಮರುವರ್ಷದ ಮಾರ್ಚ್‌ವರೆಗೆ ಎಳೆಯಿತು. ಕೆಲಸದ ಹೊರೆ ತಾಳಲಾರದಷ್ಟಾಯಿತೆಂದು ಕಾರ್ಮಿಕರು, ಶಿಸ್ತು ಮೀರಿತೆಂದು ಆಡಳಿತದವರು. ಫ್ರೀಮಾಂಟ್‌ನಲ್ಲಿ ಫಲಿಸಿದ್ದ ಅದೇ ಟೊಯೊಟಾ ಪದ್ಧತಿ ಇಲ್ಲಿ ಮತ್ತೆ ಮತ್ತೆ ಎಡವಿತೆಂದ ಮೇಲೆ, ಪದ್ಧತಿಯೊಂದೇ ಸಾಲದೆಂಬುದು ಸಿದ್ಧವಾಗುತ್ತದೆ. ಅದೇ ಬಿಡದಿಯಲ್ಲಿ 2007ರಿಂದ ಆ ಸಂಸ್ಥೆಯ ತಾಂತ್ರಿಕ ತರಬೇತಿ ಶಾಲೆಯೊಂದು ನಡೆಯುತ್ತಿದ್ದು, ಗ್ರಾಮೀಣ ಬಡಕುಟುಂಬಗಳ ಮಕ್ಕಳಿಗೆ ಹತ್ತನೆಯ ತರಗತಿಯ ಅನಂತರ ಮೂರು ವರ್ಷಗಳ ವಸತಿಸಹಿತ ಶಿಕ್ಷಣವನ್ನು ನೀಡುತ್ತಿದೆ. ಇದೂ ಸತ್ಯ, ಅದೂ ಸತ್ಯ. ಎರಡನ್ನೂ ಒಟ್ಟಿಗೆ ಕಾಣಬಲ್ಲವನೇ ನ್ಯಾಯವಾಗಿ ಮಾತನಾಡಬಲ್ಲನು.

ಮನೆಯವರಿಗೆ ಒಂದು ಮಾತು

ಇಷ್ಟೆಲ್ಲ ವಿವೇಚಿಸಿದ ಮೇಲೆ ನಮ್ಮ ಕುಟುಂಬಗಳಿಗೆ ಉಪಯುಕ್ತವಾದ ಕೆಲವು ವಿಚಾರಗಳು ಹೊಳೆಯುತ್ತವೆ.

ಪರದೇಶದವರ ಕೈಕೆಳಗೆ ದುಡಿಯುವ ಮಕ್ಕಳಿಗೆ ‘ಆಗದು’ ಎಂದು ವಿನಯದಿಂದ ಹೇಳುವುದನ್ನು ಕಲಿಸಬೇಕು. ಅದು ಅವಿಧೇಯತೆಯಲ್ಲ. ಶುಕ್ರವಾರ ಮುಗಿಯದ ಕೆಲಸವನ್ನು ಸೋಮವಾರವೇ ತಿಳಿಸುವುದು ನಿಜವಾದ ಗೌರವ. ಇದರ ಬೀಜವನ್ನು ಮನೆಯಲ್ಲಿಯೇ ಬಿತ್ತಬೇಕಾಗುತ್ತದೆ. ತಂದೆಯ ಮಾತಿನಲ್ಲಿ ತಪ್ಪಿದ್ದರೆ “ಅಪ್ಪಾ, ಹಾಗಲ್ಲ” ಎನ್ನಲು ಧೈರ್ಯವಿಲ್ಲದ ಮಗು, ಮುಂದೆ ಅಧಿಕಾರಿಯೆದುರು ಬಾಯಿ ತೆರೆಯುವುದೆಂತು? ಮನೆಯಲ್ಲಿಯೂ ಒಂದು ಹಗ್ಗವಿರಲಿ. ಅದನ್ನು ಎಳೆದ ಮಗುವಿಗೆ ಬೈಗುಳದ ಬದಲು ನೆರವು ಸಿಗಲಿ.

ಇನ್ನು ನಮ್ಮವರಲ್ಲಿ ಅನೇಕರು ಈಗ ಸ್ವತಃ ಅಧಿಕಾರಿಗಳಾಗಿದ್ದಾರೆ. ಅವರ ಕೈಕೆಳಗೆ ಹಲವು ನಾಡಿನವರು ದುಡಿಯುತ್ತಾರೆ. ಅಂತಹವರು ‘ಆಯಿತೇ?’ ಎಂದು ಕೇಳುವ ಬದಲು ‘ಎಲ್ಲಿ ತೊಡಕಾಗಿದೆ?’ ಎಂದು ಕೇಳುವುದು ಲೇಸು. ಮೊದಲ ಪ್ರಶ್ನೆಗೆ ಅಂಜಿದವನು ಹೌದೆಂದುಬಿಡುತ್ತಾನೆ. ಎರಡನೆಯ ಪ್ರಶ್ನೆಗೆ ಸತ್ಯ ಹೇಳಲು ಅವಕಾಶ ಸಿಗುತ್ತದೆ. ಸಭೆಯಲ್ಲಿ ತಿದ್ದುವುದಕ್ಕಿಂತ ಏಕಾಂತದಲ್ಲಿ ತಿದ್ದುವುದು ಎಲ್ಲ ದೇಶದವರಿಗೂ ಹಿತ. ಕೊಟ್ಟ ಭರವಸೆಯನ್ನು ಎದುರಿನವರು ನಂಬುವ ರೂಪದಲ್ಲಿ ಕೊಡಬೇಕು. ಬಾಯಿಮಾತನ್ನು ನಂಬುವವರಿಗೆ ಬಾಯಿಮಾತು, ಬರಹವನ್ನು ನಂಬುವವರಿಗೆ ಬರಹ.

ಎಲ್ಲಕ್ಕಿಂತ ಮಿಗಿಲಾಗಿ, ದುಡಿಯುವವನ ಒಡಲಿನ ಚಿಂತೆಗೆ ದೇಶಭೇದವಿಲ್ಲವೆಂಬುದನ್ನು ಮರೆಯಬಾರದು. ಫ್ರೀಮಾಂಟ್‌ನ ಕಾರ್ಮಿಕನಿಗೂ ಬಿಡದಿಯ ತರುಣನಿಗೂ ಬೇಕಾದದ್ದು ಮೂರೇ ಸಂಗತಿಗಳು. ನಾಳೆಯೂ ಕೆಲಸವಿರುತ್ತದೆಂಬ ನೆಮ್ಮದಿ, ದುಡಿದದ್ದಕ್ಕೆ ನ್ಯಾಯವಾದ ಕೂಲಿ, ತನ್ನ ಮಾತಿಗೊಂದು ಕಿವಿ. ಈ ಮೂರು ಇದ್ದಲ್ಲಿ ಭಾಷೆ ಬಾರದಿದ್ದರೂ ಜನರು ಹೊಂದಿಕೊಂಡು ದುಡಿಯುತ್ತಾರೆ. ಇವು ಇಲ್ಲದ ಕಡೆ ಒಂದೇ ಊರಿನವರೂ ಪರಕೀಯರಾಗುತ್ತಾರೆ. ಮುಂದಿನ ಹಬ್ಬಕ್ಕೆ ಮಕ್ಕಳು ಮನೆಗೆ ಬಂದಾಗ, ಸಂಬಳ ಎಷ್ಟೆಂದು ಕೇಳುವ ಮುನ್ನ, ಅಲ್ಲಿ ಅವರ ಮಾತನ್ನು ಕೇಳುವವರು ಇದ್ದಾರೆಯೇ ಎಂದು ಒಮ್ಮೆ ವಿಚಾರಿಸಿ ನೋಡಿರಿ.